ಒಳ್ಳೆಯ ತುಕ್ಕು: ಜೆಟ್ ಎಂಜಿನ್ನಿಗೆ ಹಾಕುವ ಕಲಾಯಿ

ಹಾಸ್ಟೆಲ್ ರೂಮಿನಲ್ಲಿ ವಾರ್ಡನ್ ಕಣ್ಣು ತಪ್ಪಿಸಿ ಮ್ಯಾಗಿ ಮಾಡಿಕೊಂಡವರಿಗೆಲ್ಲ ಕಾಯಿಲ್ ಒಲೆ ಗೊತ್ತು. ಪಿಂಗಾಣಿ ಬಿಲ್ಲೆಯ ಸಂದಿನಲ್ಲಿ ಸುರುಳಿಯಾಗಿ ಕೂತ ತಂತಿ, ಸ್ವಿಚ್ ಒತ್ತಿದ ಒಂದೆರಡು ನಿಮಿಷಕ್ಕೆ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಬಲ್ಬಿನೊಳಗಿನ ತಂತಿಗಾದರೆ ಸುತ್ತ ಗಾಜಿನ ಬುರುಡೆಯಿದೆ, ಗಾಳಿ ತಾಗುವುದಿಲ್ಲ. ಒಲೆಯ ತಂತಿಗೆ ಅಂಥ ಯಾವ ಮರೆಯೂ ಇಲ್ಲ. ಬಯಲು ಗಾಳಿಯಲ್ಲೇ ಕೆಂಪಗೆ ಕಾಯುತ್ತ, ಆರುತ್ತ, ಮೇಲೆ ಉಕ್ಕಿದ ಹಾಲನ್ನೂ ಸಹಿಸಿಕೊಂಡು ವರ್ಷಗಟ್ಟಲೆ ಬಾಳುತ್ತದೆ. ಅಷ್ಟೇ ತೆಳ್ಳಗಿನ ಬರೀ ಕಬ್ಬಿಣದ ತಂತಿಯನ್ನು ಹಾಗೆ ಕಾಯಿಸಿ ನೋಡಿ, ಬೇಗನೆ ಕಪ್ಪು ಹುಡಿಯಾಗಿ ಉದುರುತ್ತದೆ.

ಒಲೆಯ ತಂತಿ ನೈಕ್ರೋಮ್, ಅಂದರೆ ನೂರಕ್ಕೆ 80 ಪಾಲು ನಿಕಲ್, 20 ಪಾಲು ಕ್ರೋಮಿಯಂ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ನೈಕ್ರೋಮ್ ತುಕ್ಕು ಹಿಡಿಯುವುದಿಲ್ಲ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಅದು ಸುಳ್ಳು. ಮೊದಲ ಸಲ ಕೆಂಪಗಾದ ನಿಮಿಷದಲ್ಲೇ ಅದಕ್ಕೆ ತುಕ್ಕು ಹಿಡಿದಿರುತ್ತದೆ. ಅದು ಒಳ್ಳೆಯ ತುಕ್ಕು, ಅಷ್ಟೇ. ಕೆಂಡದಂಥ ಗಾಳಿಯಲ್ಲಿ ಲೋಹವನ್ನು ಕಾಪಾಡುವ ವಿದ್ಯೆಯೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ. ಸಾವಿರ ಡಿಗ್ರಿಯಲ್ಲಿ ತುಕ್ಕನ್ನು ತಡೆಯುವುದು ಆಗದ ಕೆಲಸ. ಯಾವ ತುಕ್ಕು ಹಿಡಿಯಬೇಕು ಎಂಬುದನ್ನು ಮಾತ್ರ ನಾವು ಆರಿಸಬಹುದು.

ಕೆಟ್ಟ ತುಕ್ಕನ್ನು ನೋಡಬೇಕಾದರೆ ಕುಲುಮೆಗೆ ಹೋಗಬೇಕು. ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯ ಪೆಟ್ಟು ಕೊಟ್ಟಾಗ ಕಪ್ಪು ಚಕ್ಕೆಗಳು ಸಿಡಿಯುತ್ತವಲ್ಲ, ಅದೇ. ಚಕ್ಕೆ ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ಗಾಳಿಗೆ ಒಡ್ಡಿಕೊಳ್ಳುತ್ತದೆ, ಮತ್ತೆ ಚಕ್ಕೆ ಕಟ್ಟುತ್ತದೆ, ಮತ್ತೆ ಉದುರುತ್ತದೆ. ಪೆಟ್ಟು ಕೊಡದೆ ಸುಮ್ಮನೆ ಬಿಟ್ಟರೂ ಕಬ್ಬಿಣದ ಪದರ ಬೇಗ ಬೆಳೆಯುತ್ತದೆ. 570 ಡಿಗ್ರಿ ದಾಟಿದರೆ ಕಬ್ಬಿಣದ ಮೇಲೆ ವೂಸ್ಟೈಟ್ ಎಂಬ ಆಕ್ಸೈಡ್ ಹುಟ್ಟುತ್ತದೆ. ಅದರ ಹರಳಿನಲ್ಲಿ ಕಬ್ಬಿಣದ ಅಯಾನುಗಳು (ವಿದ್ಯುದಂಶ ಹೊತ್ತ ಪರಮಾಣುಗಳು) ಕೂರಬೇಕಾದ ಎಷ್ಟೋ ಜಾಗಗಳು ಖಾಲಿ ಬಿದ್ದಿರುತ್ತವೆ. ಖಾಲಿ ಸೀಟುಗಳಿರುವ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ನುಸುಳುವುದು ಸುಲಭ ತಾನೆ? ಹಾಗೆಯೇ ಕಬ್ಬಿಣದ ಅಯಾನು ಒಳಗಿನಿಂದ ಹೊರಕ್ಕೆ ನುಸುಳಿ ಬಂದು ಆಕ್ಸಿಜನ್ನನ್ನು ಕೂಡಿಕೊಳ್ಳುತ್ತದೆ.

ಒಳ್ಳೆಯ ತುಕ್ಕಿನಲ್ಲಿ ಬಸ್ಸು ತುಂಬಿ ತುಳುಕುತ್ತಿರುತ್ತದೆ. ಒಳಗಿನ ಲೋಹ ಹೊರಗೆ ಬರಲಾರದು, ಹೊರಗಿನ ಆಕ್ಸಿಜನ್ ಒಳಗೆ ಹೋಗಲಾರದು. ಯಾರೋ ಒಬ್ಬಿಬ್ಬರು ಹೇಗೋ ತೂರಿಕೊಳ್ಳುತ್ತಾರೆ. ಪದರ ದಪ್ಪವಾದಷ್ಟೂ ದಾಟಬೇಕಾದ ದೂರ ಹೆಚ್ಚು, ಹಾಗಾಗಿ ಬೆಳವಣಿಗೆ ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ. ಮೊದಲ ಹತ್ತು ಗಂಟೆಯಲ್ಲಿ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು, ಬೆಳೆದರೆ, ಎರಡು ಮೈಕ್ರಾನ್ ಆಗಲು ನಲವತ್ತು ಗಂಟೆ ಬೇಕು, ಹತ್ತು ಮೈಕ್ರಾನ್ ಆಗಲು ಸಾವಿರ ಗಂಟೆ. ಇದು ಹೀಗೇಕೆ ಎಂಬುದನ್ನು ಜರ್ಮನಿಯ ಕಾರ್ಲ್ ವಾಗ್ನರ್ 1933ರಲ್ಲಿ ಅಯಾನುಗಳ ಓಡಾಟದಿಂದಲೇ ಲೆಕ್ಕಹಾಕಿ ತೋರಿಸಿದ.

ಅದಕ್ಕೂ ಹತ್ತು ವರ್ಷ ಮೊದಲು, 1923ರಲ್ಲಿ, ಪಿಲ್ಲಿಂಗ್ ಮತ್ತು ಬೆಡ್‌ವರ್ತ್ ಎಂಬಿಬ್ಬರು ಇನ್ನೊಂದು ಸರಳ ಲೆಕ್ಕ ಕೊಟ್ಟಿದ್ದರು: ಲೋಹ ಆಕ್ಸೈಡ್ ಆದಾಗ ಎಷ್ಟು ಉಬ್ಬುತ್ತದೆ? ಮೆಗ್ನೀಸಿಯಂ ಕುಗ್ಗುತ್ತದೆ, ಒಂದು ಪಾಲು ಲೋಹಕ್ಕೆ 0.81 ಪಾಲು ಆಕ್ಸೈಡ್. ಗಿಡ್ಡ ಹೊದಿಕೆಯ ಹಾಗೆ, ಮೈಪೂರ್ತಿ ಮುಚ್ಚುವುದಿಲ್ಲ. ಅಲ್ಯೂಮಿನಿಯಂ 1.28ರಷ್ಟು ಆಗುತ್ತದೆ, ಅಳತೆ ಕೊಟ್ಟು ಹೊಲಿಸಿದಂತೆ. ತುಂಬ ಉಬ್ಬಿದರೆ ಪದರ ಜಾಗ ಸಾಲದೆ ಒಡೆಯುತ್ತದೆ ಎಂಬುದು ಅವರ ವಾದ. ಪಠ್ಯಪುಸ್ತಕಗಳಲ್ಲಿ ಈ ಲೆಕ್ಕಕ್ಕೆ ಸಿಗುವ ಮರ್ಯಾದೆ ಸ್ವಲ್ಪ ಜಾಸ್ತಿಯಾಯಿತೇನೋ ಎಂದು ನನಗೆ ಅನ್ನಿಸುತ್ತದೆ. ಕ್ರೋಮಿಯಂ ಎರಡು ಪಟ್ಟಿಗೂ ಹೆಚ್ಚು ಉಬ್ಬುತ್ತದೆ, ಆದರೂ ನಮ್ಮ ಒಲೆಯ ತಂತಿಯನ್ನು ಕಾಯುತ್ತಿರುವುದು ಅದರ ಆಕ್ಸೈಡೇ.

ಲೆಕ್ಕಗಳನ್ನೆಲ್ಲ ಜಾಲಿಸಿದರೆ ಕೈಗೆ ಉಳಿಯುವ ಒಳ್ಳೆಯ ತುಕ್ಕುಗಳು ಮೂರೇ: ಕ್ರೋಮಿಯಂ, ಅಲ್ಯೂಮಿನಿಯಂ, ಸಿಲಿಕಾನ್ ಇವುಗಳ ಆಕ್ಸೈಡ್. ಕ್ರೋಮಿಯಂನದು ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಗಾಳಿಯಲ್ಲಿ ಆವಿಯಾಗಿ ಹಾರತೊಡಗುತ್ತದೆ. ಗಾಳಿ ಜೋರಾಗಿ ಬೀಸುವ ಕಡೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಸಿಲಿಕಾನ್ ಕಥೆಯಲ್ಲಿ ನೀರಾವಿಯ ತಕರಾರು ಬರುತ್ತದೆ, ಆಮೇಲೆ ನೋಡೋಣ. ಉಳಿಯುವುದು ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. 1100 ಡಿಗ್ರಿಯಲ್ಲಿ ನೂರು ಗಂಟೆ ಕಳೆದರೂ ಅದರ ಪದರ ಕೆಲವೇ ಮೈಕ್ರಾನ್ ಬೆಳೆದಿರುತ್ತದೆ. ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತನೆಯ ಒಂದು ಪಾಲು ಅಂದುಕೊಳ್ಳಿ.

ಹಾಗಾದರೆ ಲೋಹಕ್ಕೇ ಧಾರಾಳವಾಗಿ ಅಲ್ಯೂಮಿನಿಯಂ ಬೆರೆಸಿಬಿಟ್ಟರೆ ಮುಗಿಯಿತಲ್ಲ? ಒಲೆಯ ತಂತಿಗಾದರೆ ಮುಗಿಯಿತು. ಸ್ವೀಡನ್ನಿನ ಹಾನ್ಸ್ ಫಾನ್ ಕಾಂಟ್ಸೋವ್ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿಸಿ ಮಾಡಿದ ಕಾಂಥಾಲ್ ಎಂಬ ತಂತಿ ನೈಕ್ರೋಮಿಗಿಂತಲೂ ಹೆಚ್ಚಿನ ಶಾಖ ತಡೆಯುತ್ತದೆ. ಆದರೆ ತಂತಿಗೆ ಸುಮ್ಮನೆ ಕೂತು ಕಾಯುವುದಷ್ಟೇ ಕೆಲಸ. ಜೆಟ್ ಎಂಜಿನ್ನಿನಲ್ಲಿ ಬಿಸಿ ಅನಿಲದ ರಭಸಕ್ಕೆ ತಿರುಗುವ ಟರ್ಬೈನ್ ಬ್ಲೇಡಿಗೆ ಹಾಗಲ್ಲ. ಅಂಗೈ ಅಗಲದ ಆ ತುಂಡು ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗೂ ಮೀರಿ ತಿರುಗುವಾಗ ಅದರ ಬುಡವನ್ನು ಹಲವು ಟನ್ ಭಾರ ಹೊರಕ್ಕೆ ಜಗ್ಗುತ್ತಿರುತ್ತದೆ. ಮೇಲೆ ಹಾಯುವ ಬಿಸಿ ಅನಿಲ ಈಗಿನ ಎಂಜಿನ್‌ಗಳಲ್ಲಿ 1500 ಡಿಗ್ರಿ ದಾಟಿರುತ್ತದೆ. ಬ್ಲೇಡಿನ ನಿಕಲ್ ಮಿಶ್ರಲೋಹ ಸುಮಾರು 1300 ಚಿಲ್ಲರೆ ಡಿಗ್ರಿಗೇ ಕರಗತೊಡಗುತ್ತದೆ. ಟೊಳ್ಳು ಹೊಟ್ಟೆಯೊಳಗೆ ತಣ್ಣನೆ ಗಾಳಿ ಹಾಯಿಸಿ, ಮೈಮೇಲಿನ ಸಣ್ಣ ತೂತುಗಳಿಂದ ಅದನ್ನು ಹೊರಬಿಟ್ಟು, ಲೋಹವನ್ನು ಸಾವಿರ-ಸಾವಿರದ ನೂರರ ಸುತ್ತ ಹಿಡಿದಿಡುತ್ತಾರೆ.

ಇಷ್ಟು ಜಗ್ಗಾಟವನ್ನು ತಡೆಯುವ ಬಲ ಬೇಕೆಂದರೆ ಮಿಶ್ರಲೋಹದ ಪಾಕವನ್ನು ಬಲಕ್ಕೆ ತಕ್ಕಂತೆಯೇ ಹದಮಾಡಬೇಕು. 1940ರ ದಶಕದ ನಿಮೋನಿಕ್ ಮಿಶ್ರಲೋಹಗಳಲ್ಲಿ ಕ್ರೋಮಿಯಂ ನೂರಕ್ಕೆ 20 ಇತ್ತು. ಒಂದೇ ಹರಳಾಗಿ ಎರಕ ಹೊಯ್ಯುವ ಮಿಶ್ರಲೋಹವಾದ ಸಿಎಂಎಸ್‌ಎಕ್ಸ್-4ಕ್ಕೆ ಬರುವ ಹೊತ್ತಿಗೆ ಅದು 6.5ಕ್ಕೆ ಇಳಿಯಿತು. ಬಲ ಕೊಡುವ ಬೇರೆ ಧಾತುಗಳಿಗೆ ಜಾಗ ಬಿಡಬೇಕಲ್ಲ. ಬಲ ಹೆಚ್ಚಾದಂತೆಲ್ಲ ತುಕ್ಕಿನ ವಿಷಯದಲ್ಲಿ ಲೋಹ ಬಡವಾಗುತ್ತ ಹೋಯಿತು. ಕೊನೆಗೆ ಎಂಜಿನಿಯರುಗಳು ಕೆಲಸವನ್ನೇ ಪಾಲು ಮಾಡಿದರು: ಜಗ್ಗಾಟ ತಡೆಯುವುದು ಒಳಗಿನವನ ಪಾಲು, ಸರಿಯಾದ ತುಕ್ಕು ಹಿಡಿಸಿಕೊಳ್ಳುವುದು ಹೊರಗಿನವನ ಪಾಲು. ಆ ಹೊರಗಿನವನೇ ಲೇಪ.

ಈ ಲೇಪ ಹಾಕುವ ಹಳೆಯ ವಿಧಾನದ ಬಗ್ಗೆ ಮೊದಲ ಸಲ ಓದಿದಾಗ ನನಗೆ ಬೀದಿಯಲ್ಲಿ 'ಕಲಾಯೀ...' ಎಂದು ಕೂಗಿಕೊಂಡು ಬರುತ್ತಿದ್ದವರ ನೆನಪಾಯಿತು. ನೆಲ ಅಗೆದು ಒಲೆ ಹೂಡಿ, ತಿದಿ ಒತ್ತಿ, ಹಿತ್ತಾಳೆ ಕೊಳದಪ್ಪಲೆಯನ್ನು ಕಾಯಿಸಿ, ಒಂದು ಚಿಟಿಕೆ ನವಸಾಗರ ಉದುರಿಸುತ್ತಿದ್ದರು. ಭುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು, ಮೂಗಿಗೆ ಘಾಟು. ತವರದ ಕಡ್ಡಿ ತಾಗಿಸಿ ಅರಳೆಯಿಂದ ಒಮ್ಮೆ ಉಜ್ಜಿದರೆ ಪಾತ್ರೆಯ ಒಳಮೈ ಬೆಳ್ಳಿಯಾಗುತ್ತಿತ್ತು. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ಬಿಸಿಗೆ ಅದು ಒಡೆದು ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಅದು ಪಾತ್ರೆಯ ಕಿಲುಬನ್ನು ತಿಂದು ಲೋಹವನ್ನು ಚೊಕ್ಕ ಮಾಡುತ್ತದೆ. ಚೊಕ್ಕ ಲೋಹಕ್ಕೆ ತವರ ಕಚ್ಚಿಕೊಳ್ಳುತ್ತದೆ.

ಜೆಟ್ ಎಂಜಿನ್ನಿನ ಬ್ಲೇಡಿಗೂ ನವಸಾಗರವೇ! ಉಕ್ಕಿನ ಡಬ್ಬಿಯಲ್ಲಿ ಅಲ್ಯೂಮಿನಿಯಂ ಪುಡಿ, ಅದು ಗಟ್ಟಿ ಹೆಂಟೆಯಾಗದಂತೆ ಅಲ್ಯೂಮಿನಾ ಪುಡಿ, ಮೇಲೆ ನೂರಕ್ಕೆ ಒಂದೆರಡು ಪಾಲಿನಷ್ಟು ಅಮೋನಿಯಂ ಕ್ಲೋರೈಡ್. ಇದರೊಳಗೆ ಬ್ಲೇಡುಗಳನ್ನು ಹೂತು, ಗಾಳಿಯ ಬದಲು ಆರ್ಗಾನ್ ಅಥವಾ ಹೈಡ್ರೋಜನ್ ತುಂಬಿ, ಕೆಲವು ಗಂಟೆ ಬೇಯಿಸುತ್ತಾರೆ. ಇಲ್ಲಿ ನವಸಾಗರದ ಕೆಲಸ ಮಾತ್ರ ಬೇರೆ, ಅದು ಹಮಾಲಿ. ಕ್ಲೋರಿನ್ ಅಂಶ ಅಲ್ಯೂಮಿನಿಯಂ ಅನ್ನು ಆವಿಯಾಗಿ ಹೊತ್ತುಕೊಂಡು ಬ್ಲೇಡಿನ ಮೈಗೆ ತರುತ್ತದೆ, ಹೊರೆ ಇಳಿಸುತ್ತದೆ, ಬರಿಗೈಯಲ್ಲಿ ಹಿಂದಿರುಗಿ ಮತ್ತೊಂದು ಹೊರೆ ಎತ್ತುತ್ತದೆ. 1910ರ ದಶಕದಲ್ಲೇ ಜನರಲ್ ಎಲೆಕ್ಟ್ರಿಕ್‌ನವರು ಉಕ್ಕು, ತಾಮ್ರಗಳಿಗೆ ಹೀಗೆ ಅಲ್ಯೂಮಿನಿಯಂ ಉಣಿಸಿ ಅದನ್ನು ಕ್ಯಾಲೊರೈಸಿಂಗ್ ಎಂದು ಕರೆದಿದ್ದರು. ಟರ್ಬೈನ್ ಬ್ಲೇಡುಗಳಿಗೆ ಅದು ಬಂದದ್ದು ಜೆಟ್ ಯುಗದಲ್ಲಿ.

ಕಲಾಯಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಕೊನೆಯಲ್ಲಿ ಅದು ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ. ತವರ ಬಹುಮಟ್ಟಿಗೆ ಪಾತ್ರೆಯ ಮೇಲೆ ಕೂರುತ್ತದೆ. ಇಲ್ಲಿ ಅಲ್ಯೂಮಿನಿಯಂ ಬ್ಲೇಡಿನ ಒಳಕ್ಕೆ ಇಂಗಿ, ಅಲ್ಲಿನ ನಿಕಲ್ಲನ್ನೇ ಬಳಸಿಕೊಂಡು ನಿಕಲ್ ಅಲ್ಯೂಮಿನೈಡ್ ಎಂಬ ಬೇರೆಯದೇ ವಸ್ತುವಾಗುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ನಿಕಲ್ 1455ಕ್ಕೆ. ಇಬ್ಬರೂ ಸರಿಸಮನಾಗಿ ಕೂಡಿ ಹುಟ್ಟಿದ ಅಲ್ಯೂಮಿನೈಡ್ 1600 ಡಿಗ್ರಿ ದಾಟಿದರೂ ಕರಗದೆ ಗಟ್ಟಿಯಾಗಿ ನಿಂತಿರುತ್ತದೆ. ಅಪ್ಪ ಅಮ್ಮ ಇಬ್ಬರನ್ನೂ ಮೀರಿಸಿದ ಕೂಸು. ದಪ್ಪ ಸಾಮಾನ್ಯವಾಗಿ ಐವತ್ತು ಮೈಕ್ರಾನಿನ ಆಚೀಚೆ.

ಈ ಪದರ ಗೋಡೆಯಂತೆ ನಿಂತು ಆಕ್ಸಿಜನ್ನನ್ನು ತಡೆಯುತ್ತದೆ ಎಂದು ಅಂದುಕೊಂಡರೆ ದಾರಿ ತಪ್ಪುತ್ತೇವೆ. ಇದು ಠೇವಣಿ. ಮೇಲ್ಮೈಯಲ್ಲಿ ಕಟ್ಟಿದ ಒಂದೆರಡು ಮೈಕ್ರಾನಿನ ಅಲ್ಯೂಮಿನಾ ಮಾತ್ರ ನಿಜವಾದ ಕಾವಲುಗಾರ. ವಿಮಾನ ಇಳಿದು ಎಂಜಿನ್ ಆರಿದಾಗಲೆಲ್ಲ ಲೋಹ ಹೆಚ್ಚು ಕುಗ್ಗುತ್ತದೆ, ಅಲ್ಯೂಮಿನಾ ಕಡಿಮೆ ಕುಗ್ಗುತ್ತದೆ, ಈ ಎಳೆದಾಟದಲ್ಲಿ ಅಲ್ಲಲ್ಲಿ ಚಕ್ಕೆ ಏಳುತ್ತದೆ. ಮುಂದಿನ ಹಾರಾಟದಲ್ಲಿ ಆ ಗಾಯ ಮಾಯಲು ಠೇವಣಿಯಿಂದ ಅಲ್ಯೂಮಿನಿಯಂ ತೆಗೆಯಬೇಕು. ಅದು ಹೊರಗಿನ ಖರ್ಚು. ಒಳಗಿನ ಸೋರಿಕೆ ಇನ್ನೊಂದು: ಬ್ಲೇಡಿನ ಮಿಶ್ರಲೋಹದಲ್ಲಿ ಅಲ್ಯೂಮಿನಿಯಂ ಕಡಿಮೆ, ಲೇಪದಲ್ಲಿ ಹೆಚ್ಚು, ಹಾಗಾಗಿ ಬಿಸಿಯಲ್ಲಿ ಅದು ಒಳಮುಖವಾಗಿಯೂ ಹರಿದುಹೋಗುತ್ತದೆ. ಶಿಲ್ಕು ಒಂದು ಮಟ್ಟಕ್ಕಿಂತ ಕೆಳಗಿಳಿದ ದಿನ ಅಲ್ಯೂಮಿನಾ ಕಟ್ಟುವುದು ನಿಂತು ನಿಕಲ್ಲಿನ ಕೆಟ್ಟ ತುಕ್ಕು ಶುರುವಾಗುತ್ತದೆ. ಅಲ್ಲಿಂದ ಮುಂದೆ ಬ್ಲೇಡಿನ ಪಾಡು ಕುಲುಮೆಯ ಕಬ್ಬಿಣದ್ದೇ.

ಠೇವಣಿಯನ್ನು ಹೆಚ್ಚು ದಿನ ಬಾಳಿಸಲು ಎರಡು ಉಪಾಯಗಳಿವೆ. ಒಂದು ದುಬಾರಿ: ಅಲ್ಯೂಮಿನಿಯಂ ಉಣಿಸುವ ಮೊದಲು ಬ್ಲೇಡಿಗೆ ಕೆಲವು ಮೈಕ್ರಾನ್ ಪ್ಲಾಟಿನಂ ಲೇಪಿಸುವುದು. ಪ್ಲಾಟಿನಂ ತಾನು ತುಕ್ಕಾಗುವುದಿಲ್ಲ, ಆದರೆ ಅದಿದ್ದರೆ ಅಲ್ಯೂಮಿನಾ ಹಿಡಿದ ಹಿಡಿ ಬಿಡುವುದಿಲ್ಲ. ಇನ್ನೊಂದು ಉಪಾಯ ನನಗೆ ಬಹಳ ಇಷ್ಟವಾದದ್ದು. ಸೀರಿಯಂ, ಇಟ್ರಿಯಂನಂಥ ಧಾತುಗಳನ್ನು ಚಿಟಿಕೆಯಷ್ಟು, ನೂರಕ್ಕೆ ಅರ್ಧ ಪಾಲೋ ಇನ್ನೂ ಕಡಿಮೆಯೋ, ಬೆರೆಸಿದರೆ ಪದರದ ಅಂಟು ಎಷ್ಟೋ ಪಟ್ಟು ಹೆಚ್ಚುತ್ತದೆ. ಬ್ರಿಟನ್ನಿನಲ್ಲಿ 1937ರಲ್ಲೇ ಫೈಲ್ ಎಂಬಾತ ಇದಕ್ಕೆ ಪೇಟೆಂಟ್ ಪಡೆದಿದ್ದ, ಕಾರಣ ಬಿಡಿಸಿದ್ದು ಬಹಳ ತಡವಾಗಿ. ಎಷ್ಟೇ ಶುದ್ಧ ಮಾಡಿದರೂ ಲೋಹದಲ್ಲಿ ಹತ್ತು ಲಕ್ಷಕ್ಕೆ ಕೆಲವು ಪಾಲಿನಷ್ಟು ಗಂಧಕ ಉಳಿದಿರುತ್ತದೆ. ಬಿಸಿಯಲ್ಲಿ ಅದು ಮೆಲ್ಲಗೆ ಹೊರಟು ಬಂದು ಲೋಹ ಮತ್ತು ಅಲ್ಯೂಮಿನಾದ ನಡುವೆ ಸೇರಿಕೊಂಡು ಅಂಟು ಬಿಡಿಸುತ್ತದೆ. ಇಟ್ರಿಯಂ ಆ ಗಂಧಕವನ್ನು ಒಳಗೇ ಕಟ್ಟಿಹಾಕುತ್ತದೆ, ಜೊತೆಗೆ ಪದರ ಬೆಳೆಯುವ ರೀತಿಯನ್ನೂ ತಿದ್ದುತ್ತದೆ. ಒಗ್ಗರಣೆಯ ಇಂಗಿನ ಹಾಗೆ: ಚಿಟಿಕೆ ಹಾಕಿದರೆ ಸಾರು ಘಮ್ಮೆನ್ನುತ್ತದೆ, ಚಮಚ ಹಾಕಿದರೆ ಕೆಡುತ್ತದೆ. ಇಟ್ರಿಯಂ ಜಾಸ್ತಿಯಾದರೆ ಪದರದಿಂದ ಲೋಹದೊಳಕ್ಕೆ ಬೇರಿನಂತೆ ಆಕ್ಸೈಡ್ ಇಳಿದು ಅದೇ ಬಿರುಕಿಗೆ ದಾರಿಯಾಗುತ್ತದೆ.

ಇದೇ ಇಂಗನ್ನು ಹಾಕಿ ಮಾಡಿದ ಲೇಪಗಳ ಕುಟುಂಬಕ್ಕೆ ಎಂ-ಕ್ರಾಲಿ ಎಂದು ಹೆಸರು. ಎಂ ಅಂದರೆ ನಿಕಲ್ ಅಥವಾ ಕೋಬಾಲ್ಟ್, ಅಥವಾ ಎರಡೂ. ಉಳಿದದ್ದು ಕ್ರೋಮಿಯಂ, ಅಲ್ಯೂಮಿನಿಯಂ, ಇಟ್ರಿಯಂ. ಇದನ್ನು ಇಂಗಿಸುವುದಿಲ್ಲ, ಪ್ಲಾಸ್ಮಾ ಗನ್ನಿನಿಂದ ಎರಚುತ್ತಾರೆ, ಇಲ್ಲವೇ ಆವಿಯಾಗಿಸಿ ಕೂರಿಸುತ್ತಾರೆ. ಕೆಳಗಿನ ಲೋಹ ಯಾವುದೇ ಇರಲಿ, ಪಾಕವನ್ನು ನಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಕಡಲ ಮೇಲೆ ಹಾರುವ ಎಂಜಿನ್ನಿಗೆ ಇದು ಮುಖ್ಯ. ಗಾಳಿಯ ಉಪ್ಪು ಇಂಧನದ ಗಂಧಕದೊಡನೆ ಸೇರಿ ಸೋಡಿಯಂ ಸಲ್ಫೇಟ್ ಆಗಿ 884 ಡಿಗ್ರಿಗೆ ಕರಗಿ ಬ್ಲೇಡಿನ ಮೇಲೆ ಹರಡಿಕೊಳ್ಳುತ್ತದೆ, ಒಳ್ಳೆಯ ತುಕ್ಕನ್ನೇ ಕರಗಿಸಿಬಿಡುತ್ತದೆ. ಅಂಥ ಕಡೆ ಕ್ರೋಮಿಯಂ ಪಾಲು ಹೆಚ್ಚಿಸುತ್ತಾರೆ.

ಇಷ್ಟರ ಮೇಲೆ ಇನ್ನೊಂದು ಹೊದಿಕೆಯಿದೆ, ಹೆಚ್ಚಿನವರು ಕೇಳಿರುವುದು ಅದರ ಹೆಸರನ್ನೇ: ಬಿಳಿಯ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಪಿಂಗಾಣಿ. ಇದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ. ಪಿಂಗಾಣಿ ಮುಚ್ಚಿದ ಮೇಲೆ ಆಕ್ಸಿಜನ್ನಿಗೆ ದಾರಿ ಎಲ್ಲಿ ಎಂದು ಎಲ್ಲರೂ ಕೇಳುತ್ತಾರೆ. ಬಿಎಸ್-6 ಸ್ಕೂಟರಿನ ಸೈಲೆನ್ಸರ್ ಕೊಳವೆಗೆ ಸಿಕ್ಕಿಸಿರುವ ಆಕ್ಸಿಜನ್ ಸೆನ್ಸರ್ ನೋಡಿದ್ದೀರಾ? ಅದರೊಳಗೆ ಸಾಮಾನ್ಯವಾಗಿ ಇರುವುದು ಇದೇ ಜಿರ್ಕೋನಿಯಾ. ಕಾದಾಗ ಆಕ್ಸಿಜನ್ ಅಯಾನುಗಳನ್ನು ತನ್ನ ಮೂಲಕ ಸರಾಗವಾಗಿ ಹಾಯಬಿಡುತ್ತದೆ ಎಂಬ ಗುಣಕ್ಕಾಗಿಯೇ ಅದನ್ನು ಅಲ್ಲಿ ಇಟ್ಟಿದ್ದಾರೆ. ಸಾಲದ್ದಕ್ಕೆ ಬ್ಲೇಡಿನ ಪಿಂಗಾಣಿಯಲ್ಲಿ ಬೇಕೆಂದೇ ಸಂದುಗಳನ್ನು ಬಿಟ್ಟಿರುತ್ತಾರೆ. ಆಕ್ಸಿಜನ್ನಿನ ಮಟ್ಟಿಗೆ ಅದು ಬಾಗಿಲು ತೆರೆದೇ ಇಟ್ಟ ಮನೆ.

ಜಿರ್ಕೋನಿಯಾ ತಡೆಯುವುದು ಶಾಖವನ್ನು. ಅದರಲ್ಲಿ ಶಾಖ ಬಹಳ ನಿಧಾನವಾಗಿ ಹರಿಯುತ್ತದೆ. ಕಾಲು ಮಿಲಿಮೀಟರಿಗೂ ತೆಳ್ಳಗಿನ ಪದರ, ಒಳಗೆ ತಣ್ಣನೆ ಗಾಳಿ ಹಾಯುತ್ತಿದ್ದರೆ, ಲೋಹದ ಬಿಸಿಯನ್ನು ನೂರು ಡಿಗ್ರಿಗೂ ಹೆಚ್ಚು ಇಳಿಸಬಲ್ಲದು. ಪಿಂಗಾಣಿಗಳ ಪೈಕಿ ಲೋಹದ ಸಮೀಪಕ್ಕೆ ಹಿಗ್ಗುವ ಗುಣವೂ ಅದಕ್ಕಿದೆ. ಆದರೆ ಶುದ್ಧ ಜಿರ್ಕೋನಿಯಾ 1170 ಡಿಗ್ರಿಯ ಹತ್ತಿರ ಹರಳಿನ ರೂಪ ಬದಲಿಸುತ್ತದೆ, ಆರುವಾಗ ಉಬ್ಬಿ ಪುಡಿಯಾಗುತ್ತದೆ. ಅದಕ್ಕೆ ಇಟ್ರಿಯಾ, ಅಂದರೆ ಇಟ್ರಿಯಂ ಆಕ್ಸೈಡ್, ಬೆರೆಸಬೇಕು. ಎಷ್ಟು? 1970ರ ದಶಕದ ಕೊನೆಯಲ್ಲಿ ಕ್ಲೀವ್‌ಲ್ಯಾಂಡಿನ ನಾಸಾ ಲೂಯಿಸ್ ಕೇಂದ್ರದಲ್ಲಿ ಸ್ಟೀಫನ್ ಸ್ಟೆಕುರಾ ಬೇರೆ ಬೇರೆ ಪಾಲುಗಳನ್ನು ಕಾಯಿಸಿ ಆರಿಸಿ ನೋಡಿ ನೂರಕ್ಕೆ 6ರಿಂದ 8 ಎಂದ. ಇಷ್ಟು ವರ್ಷಗಳಾದರೂ ಆ ಪಾಕವೇ ನಡೆದುಕೊಂಡು ಬಂದಿದೆ, ಇಂದಿಗೂ ಹೆಚ್ಚಿನ ಬ್ಲೇಡುಗಳಲ್ಲಿ ಸುಮಾರು 7.

ಅಂದಮೇಲೆ ಪಿಂಗಾಣಿಯ ಬುಡದಲ್ಲಿ ಲೋಹದ ಲೇಪಕ್ಕೆ ತುಕ್ಕು ಹಿಡಿಯುತ್ತಲೇ ಇರುತ್ತದೆ. ಪಿಂಗಾಣಿಯನ್ನು ಬ್ಲೇಡಿಗೆ ಅಂಟಿಸಿ ಹಿಡಿದಿರುವುದೂ ಆ ತುಕ್ಕೇ. ಅಲ್ಯೂಮಿನಾ ಐದಾರು ಮೈಕ್ರಾನ್ ದಪ್ಪ ಬೆಳೆದಾಗ ಅದರಲ್ಲಿ ಕೂಡಿಕೊಂಡ ಬಿಗಿತ ಅಂಟನ್ನು ಮೀರುತ್ತದೆ, ಮೇಲಿನ ಪಿಂಗಾಣಿಯೂ ಚಕ್ಕೆ ಚಕ್ಕೆಯಾಗಿ ಎದ್ದುಹೋಗುತ್ತದೆ. ಅಚ್ಚರಿಯೆಂದರೆ ಇದು ನಡೆಯುವುದು ಉರಿಯ ನಡುವೆಯಲ್ಲ, ಆರುವಾಗ. ಕುಲುಮೆಯಲ್ಲಿ ನೂರಾರು ಸುತ್ತು ಗೆದ್ದು ಬಂದ ಮಾದರಿ, ಮೇಜಿನ ಮೇಲೆ ತಣ್ಣಗೆ ಕೂತಿದ್ದಾಗ ಗಾಳಿಯ ತೇವಕ್ಕೆ ಇದ್ದಕ್ಕಿದ್ದಂತೆ ಸಿಪ್ಪೆ ಸುಲಿದುಕೊಳ್ಳುವುದುಂಟು. ಈ ಕ್ಷೇತ್ರದವರು ಅದಕ್ಕೆ 'ಮೇಜಿನ ಮೇಲಿನ ಸಿಪ್ಪೆಯೇಳುವಿಕೆ' ಎಂಬರ್ಥದ ಹೆಸರನ್ನೇ ಇಟ್ಟುಕೊಂಡಿದ್ದಾರೆ.

ಮರಳುಗಾಡಿನ ದೂಳು ಇನ್ನೊಂದು ಶತ್ರು. ಎಂಜಿನ್ ನುಂಗಿದ ಮರಳು, ಜ್ವಾಲಾಮುಖಿಯ ಬೂದಿ ಇವುಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾನ್ ಆಕ್ಸೈಡುಗಳಿರುತ್ತವೆ. 1200 ಡಿಗ್ರಿ ದಾಟಿದರೆ ಅವು ಕರಗಿ ಗಾಜಾಗುತ್ತವೆ. ಪಿಂಗಾಣಿಗೆ ಹಿಗ್ಗಲು ಕುಗ್ಗಲು ಅನುವಾಗಲಿ ಎಂದು ಬಿಟ್ಟ ಸಂದುಗಳಿಗೇ ಆ ಗಾಜು ಬೆಲ್ಲದ ಪಾಕದಂತೆ ಇಳಿದು, ಆರಿದಾಗ ಕಲ್ಲಾಗುತ್ತದೆ. ಎಂಜಿನ್‌ಗಳು ಹೆಚ್ಚು ಬಿಸಿಯಾದಂತೆ ಈ ತೊಂದರೆ ಮುಂದೆ ಬಂದಿದೆ. ಗ್ಯಾಡೋಲಿನಿಯಂ ಜಿರ್ಕೋನೇಟ್ ಎಂಬ ಹೊಸ ಪಿಂಗಾಣಿ ಕರಗಿದ ಗಾಜಿನೊಡನೆ ತಾನೇ ಬೆರೆತು, ಬಾಯಿಗೆ ಬಿರಡೆ ಹಾಕಿದಂತೆ ಗಟ್ಟಿಯಾಗಿ, ಅದು ಕೆಳಕ್ಕೆ ಇಳಿಯದ ಹಾಗೆ ಮಾಡುತ್ತದೆ.

ಸಿಲಿಕಾನಿನ ಮಾತು ಬಾಕಿಯಿತ್ತು. ಬಿಸಿ ಭಾಗಗಳನ್ನು ಸಿಲಿಕಾನ್ ಕಾರ್ಬೈಡಿನಿಂದ ಮಾಡಿದರೆ ತಾನಾಗಿಯೇ ಸಿಲಿಕಾದ ಒಳ್ಳೆಯ ತುಕ್ಕು ಕಟ್ಟುತ್ತದೆ. ಆದರೆ ಇಂಧನ ಉರಿದಾಗ ಹುಟ್ಟುವ ನೀರಾವಿ ಆ ಸಿಲಿಕಾವನ್ನು ಅನಿಲವಾಗಿಸಿ ಒಯ್ಯುತ್ತದೆ, ಹಾಗಾಗಿ ಅದಕ್ಕೂ ಒಂದು ಮೇಲುಹೊದಿಕೆ ಬೇಕೇ ಬೇಕು. ಇಸ್ರೋ 2024ರ ಏಪ್ರಿಲ್‌ನಲ್ಲಿ ಪಿಎಸ್‌ಎಲ್‌ವಿಯ ನಾಲ್ಕನೇ ಹಂತಕ್ಕಾಗಿ ಇಂಗಾಲದ ನಾಜಲ್ ಸಿದ್ಧಪಡಿಸಿದ್ದನ್ನು ಪ್ರಕಟಿಸಿತಲ್ಲ, ಅದು ಆಕ್ಸಿಜನ್ ತಾಗಿ ಸುಟ್ಟುಹೋಗದಂತೆ ಹಾಕಿರುವುದು ಸಿಲಿಕಾನ್ ಕಾರ್ಬೈಡಿನ ಲೇಪವೇ. ರಾಕೆಟ್ ಹಂತಕ್ಕೆ ಬದುಕಬೇಕಾದದ್ದು ನಿಮಿಷಗಳ ಲೆಕ್ಕದಲ್ಲಿ. ವಿಮಾನದ ಬ್ಲೇಡಿಗೆ ಸಾವಿರಾರು ಗಂಟೆ.

ಯುದ್ಧವಿಮಾನಕ್ಕೆ ದೇಶದಲ್ಲೇ ಜೆಟ್ ಎಂಜಿನ್ ಮಾಡುವ ಕಾವೇರಿ ಯೋಜನೆಗೆ 1989ರಲ್ಲಿ ಮಂಜೂರಾತಿ ಸಿಕ್ಕಾಗಿನಿಂದ ಗ್ಯಾಸ್ ಟರ್ಬೈನ್ ಸಂಶೋಧನೆಯ ಸರ್ಕಾರಿ ಸಂಸ್ಥೆಯಾದ ಬೆಂಗಳೂರಿನ ಜಿಟಿಆರ್‌ಇಗೆ ಈ ಬ್ಲೇಡುಗಳ ಸಹವಾಸ. ಪ್ಲಾಟಿನಂ ಅಲ್ಯೂಮಿನೈಡ್ ಲೇಪದ ಮೇಲೆ ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯವಾದ ಡಿಎಂಆರ್‌ಎಲ್ ವರ್ಷಗಟ್ಟಲೆ ಕೆಲಸ ಮಾಡಿದೆ. ಐಐಎಸ್‌ಸಿಯವರು ಕೂದಲಿನಷ್ಟು ತೆಳುವಾದ ಆ ಲೇಪದ ಸಣ್ಣ ತೊಲೆಗಳನ್ನು ಕೊರೆದು, ಬಗ್ಗಿಸಿ, ಬಿರುಕು ಹೇಗೆ ಓಡುತ್ತದೆ ಎಂದು ನೋಡಿದ್ದಾರೆ. ಅಲ್ಯೂಮಿನೈಡಿಗೆ ಒಂದು ಕೆಟ್ಟ ಚಾಳಿಯಿದೆ: ಕಾದಾಗ ಮೆತ್ತಗೆ ಬಾಗುವ ಅದು ತಣ್ಣಗಿದ್ದಾಗ ಹಪ್ಪಳದಂತೆ ಮುರಿಯುತ್ತದೆ.

ಬ್ಲೇಡು ಓವರ್‌ಹಾಲಿಗೆ ಬಂದಾಗ ನಡೆಯುವುದು ಮತ್ತೆ ಕಲಾಯಿಯವರ ಕೆಲಸವೇ. ಉಳಿದ ಪಿಂಗಾಣಿಯನ್ನು ತೆಗೆದು, ಹಳೆಯ ಲೇಪವನ್ನು ಆಮ್ಲದಲ್ಲಿ ಕಳಚಿ, ಚೊಕ್ಕ ಮಾಡಿ, ಹೊಸದಾಗಿ ಅಲ್ಯೂಮಿನಿಯಂ ಉಣಿಸುತ್ತಾರೆ. ಆದರೆ ಆಗಲೇ ಹೇಳಿದೆನಲ್ಲ, ಈ ಲೇಪ ಹುಟ್ಟಿದ್ದೇ ಬ್ಲೇಡಿನ ಗೋಡೆಯ ನಿಕಲ್ಲನ್ನು ಕೂಡಿಸಿಕೊಂಡು. ಕಳಚುವಾಗ ಆ ಪಾಲೂ ಜೊತೆಗೇ ಹೋಗುತ್ತದೆ. ಟೊಳ್ಳು ಬ್ಲೇಡಿನ ಗೋಡೆ ಕೆಲವೆಡೆ ಒಂದು ಮಿಲಿಮೀಟರಿನ ಆಸುಪಾಸು. ಪ್ರತಿ ಸಲ ಅದರಿಂದ ಕೆಲವು ಹತ್ತು ಮೈಕ್ರಾನ್ ಕಳೆಯುತ್ತದೆ. ಅದಕ್ಕೇ ಕಳಚಿದ ಮೇಲೆ, ಹೊಸ ಲೇಪಕ್ಕೆ ಕಳಿಸುವ ಮೊದಲು, ಅಲ್ಟ್ರಾಸೌಂಡ್ ಹಿಡಿದು ಗೋಡೆ ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಬರೆದಿಟ್ಟ ಅಳತೆಗಿಂತ ಕಡಿಮೆ ಬಂದ ಬ್ಲೇಡು, ಕಣ್ಣಿಗೆ ಎಷ್ಟೇ ಹೊಸದರಂತೆ ಹೊಳೆಯುತ್ತಿರಲಿ, ಗುಜರಿಯ ಬುಟ್ಟಿಗೆ ಹೋಗುತ್ತದೆ.